ಸಣ್ಣಪ್ಪ ಪೆರೋಲಿನ ಮೇಲೆ ಬಂದ ತಿಂಗಳು

ಸಣ್ಣಪ್ಪನಿಗೆ ಪೆರೋಲ್ ಸಿಗುತ್ತದೆಯೇ ಎಂದು ನನ್ನನ್ನು ಮೊದಲು ಕೇಳಿದವಳು ಅಜ್ಜಿ. ಆ ಶಬ್ದ ಅವಳಿಗೆ ಬರುತ್ತಿರಲಿಲ್ಲ. "ಜೈಲಾಗ ಅದೇನೋ ರಜಾ ಕೊಡ್ತಾರಂತಲ್ಲ ಯವ್ವಾ, ನೀ ಓದಿದಾಕಿ, ಅದನ್ನ ಕೊಡಸ್ತಿಯೇನು?" ಅಂದಳು. ಸೊಂಟದ ಎಲುಬು ಮುರಿದು ಅವಳು ಹಾಸಿಗೆ ಹಿಡಿದಿದ್ದಳು. ಅವ್ವ ಪಕ್ಕದಲ್ಲಿ ಕೂತು ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಮಾತು ಕೇಳಿಸಿದರೂ ಅವ್ವನ ಕೈ ನಿಲ್ಲಲಿಲ್ಲ. ನಾನು ಅವ್ವನ ಮುಖ ನೋಡಿದೆ. ಅವಳು ಎಣ್ಣೆಯ ಬಟ್ಟಲನ್ನಷ್ಟೇ ನೋಡುತ್ತಿದ್ದಳು.

ಸಣ್ಣಪ್ಪ ಅಂದರೆ ನಮ್ಮಪ್ಪನ ತಮ್ಮ. ನಮ್ಮಪ್ಪನನ್ನು ಕೊಂದವನೂ ಅವನೇ.

ನಮ್ಮೂರು ಮೆಟ್ರಿ, ಕಂಪ್ಲಿ ತಾಲ್ಲೂಕು. ಕಾಲುವೆ ನೀರಿನ ಭತ್ತದ ಸೀಮೆ. ಅಣ್ಣ ತಮ್ಮ ಭಾಗವಾದಾಗ ಹೊಲ ಎರಡಾಯಿತು, ಮನೆಯ ನಡುವೆ ಗೋಡೆ ಎದ್ದು ಬಾಗಿಲು ಎರಡಾಯಿತು. ಹೊಲಕ್ಕೆ ನೀರು ಬರುವ ಕಾಲುವೆ ಮಾತ್ರ ಒಂದೇ ಉಳಿಯಿತು. ಒಂದು ದಿನ ಇವರ ಪಾಳಿ, ಒಂದು ದಿನ ಅವರ ಪಾಳಿ. ಅಂಥದೊಂದು ಬೆಳಗ್ಗೆ ಒಡ್ಡಿನ ಮೇಲೆ ಮಾತಿಗೆ ಮಾತು ಬೆಳೆದು ಸಣ್ಣಪ್ಪ ಕೈಯಲ್ಲಿದ್ದ ಸಲಿಕೆ ಬೀಸಿದ. ನಾನಾಗ ಪಿಯುಸಿ ಎರಡನೇ ವರ್ಷದಲ್ಲಿದ್ದೆ. ಆ ದಿನದ ಪಾಳಿ ಸಣ್ಣಪ್ಪನದಾಗಿತ್ತು, ಒಡ್ಡು ಕಡಿದು ನೀರು ತಿರುಗಿಸಿಕೊಂಡವನು ನಮ್ಮಪ್ಪ. ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಬರೆಯುವಾಗಲೂ ನನ್ನ ಕೈ ಹಿಂಜರಿಯುತ್ತದೆ. ಪಾಳಿ ತಪ್ಪಿಸಿದ್ದಕ್ಕೆ ಯಾರನ್ನೂ ಕೊಲ್ಲಬೇಕಿಲ್ಲ. ಕೋರ್ಟೂ ಅದನ್ನೇ ಹೇಳಿತು, ಸಣ್ಣಪ್ಪನಿಗೆ ಜೀವಾವಧಿ ಆಯಿತು.

ಓಣಿಯ ಹಿರಿಯರು ಕೋರ್ಟಿಗಿಂತ ಮೊದಲೇ ತಮ್ಮ ತೀರ್ಪು ಕೊಟ್ಟಿದ್ದರು. ಎರಡು ಮನೆಗಳಿಗೆ ನೀರು ಬಂದ್. ಈ ಬಾಗಿಲಿನವರು ತುಂಬಿದ ನೀರನ್ನು ಆ ಬಾಗಿಲಿನವರು ಮುಟ್ಟುವಂತಿಲ್ಲ, ಕೊಡುವಂತೆಯೂ ಇಲ್ಲ. ಮುಂದೊಂದು ದಿನ ಸತ್ತವನ ಮನೆಯವರು ತಾವೇ ತುಂಬಿದ ನೀರನ್ನು ಕೊಂದವನಿಗೆ ಕೊಟ್ಟರೆ ನೀರು ಕೂಡಿತು ಎಂದು ಲೆಕ್ಕ. ಅಂದರೆ ದ್ವೇಷ ಮುಗಿಯಿತು, ರಾಜಿ ಆಯಿತು, ಇನ್ನು ಆ ಸಾವಿನ ಮಾತು ಎತ್ತುವಂತಿಲ್ಲ.

ಸಣ್ಣಪ್ಪನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕಂಪ್ಲಿಯ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಅವರ ಅರ್ಧ ಮನೆಯ ಮಣ್ಣಿನ ಮಾಳಿಗೆ ಒಂದು ಮಳೆಗಾಲದಲ್ಲಿ ಕುಸಿದು ಸೂರಿಲ್ಲದಂತಾಯಿತು. ಅಜ್ಜಿ ನಮ್ಮ ಬಾಗಿಲಿಗೆ ಬಂದಳು. ಸತ್ತವನೂ ಅವಳ ಮಗ, ಕೊಂದವನೂ ಅವಳ ಮಗ. ಅವ್ವ ಅವಳನ್ನು ಒಳಗೆ ಕರೆದುಕೊಂಡಳು. "ಎಲ್ಲಿಗೆ ಅಟ್ಟಲಿ?" ಅಂದಳು, ಅಷ್ಟೇ.

ಅವ್ವ ನಾಟಿಗೆ ಹೋದಳು, ಕಳೆ ತೆಗೆದಳು, ಕಾಲ ಬೆರಳ ಸಂದಿಗಳೆಲ್ಲ ಕೆಸರಿಗೆ ಕೊಳೆತಿದ್ದರೂ ಮರುದಿನ ಮತ್ತೆ ಗದ್ದೆಗೆ ಇಳಿದಳು. ನಾನು ಹೊಸಪೇಟೆಯ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿದೆ, ಬಿ.ಇಡಿ. ಮಾಡಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಅದನ್ನು ನನಗೆ ಪುಕ್ಕಟೆ ಕೊಟ್ಟಿಲ್ಲ. ಈಗ ಸಂಡೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಇರುವುದು ಹೊಸಪೇಟೆಯ ಬಾಡಿಗೆ ಮನೆಯಲ್ಲಿ. ದಿನಾ ಬಸ್ಸು, ಅದಿರು ಲಾರಿಗಳ ಹಿಂದೆ ಬಸ್ಸು, ಇಳಿಯುವಷ್ಟರಲ್ಲಿ ಸೀರೆಯ ಅಂಚೆಲ್ಲ ಕೆಂಪು.

ಅಜ್ಜಿ ಕೇಳಿದ ಮೇಲೆ ನಾನು ಹೊಸಪೇಟೆಯಲ್ಲಿ ಪರಿಚಯದ ಒಬ್ಬ ವಕೀಲರ ಹತ್ತಿರ ಹೋದೆ.

"ಕೊಲಿ ಕೇಸಂದ್ರ ಪೆರೋಲ್ ಇಲ್ಲ ಅಂತ ಮಂದಿ ತಿಳ್ಕೊಂಡಾರ್ರಿ ಮೇಡಂ," ಅಂದರು ಅವರು. "ಹಂಗೇನಿಲ್ಲ. ಜೀವಾವಧಿ ಆದವ್ರಿಗೂ ಕೊಡಾಕ ಬರತೈತಿ. ತಾಯಿಗೆ ಆರಾಮಿಲ್ಲ ಅನ್ನೋದು ಭಾಳ ಸರಿಯಾದ ಕಾರಣ."

"ಅಂದ್ರ ಅದು ಅವ್ರ ಹಕ್ಕೇನ್ರಿ?"

"ಹಕ್ಕಲ್ಲ. ಕೇಳಬಹುದು, ಕೊಡಲೇಬೇಕು ಅನ್ನಂಗಿಲ್ಲ. ಶಿಕ್ಷೆ ಹಂಗ ಇರತೈತಿ, ಒಂದೀಟು ಬಾಗಿಲು ತಗೀತಾರ ಅಷ್ಟ. ಪೊಲೀಸ್ರು ಊರಿಗೆ ಬಂದು ಕೇಳ್ತಾರ. ಸತ್ತವ್ರ ಕಡ್ಯಾರು ಬ್ಯಾಡ ಅಂದ್ರ, ಕಾನೂನು ಸುವ್ಯವಸ್ಥೆಗೆ ಧಕ್ಕೆ ಅಂತ ಒಂದು ಸಾಲು ಬರದು ಕಳಸ್ತಾರ. ಆಮ್ಯಾಲೆ ಧಾರವಾಡದ ಹೈಕೋರ್ಟಿಗೆ ಹೋಗಬೇಕು. ಬರೇ ಧಕ್ಕೆ ಅಂದ್ರ ನಡೆಯಂಗಿಲ್ಲ, ಏನು ಧಕ್ಕೆ ಹೇಳ್ರಿ ಅಂತ ಅಲ್ಲಿ ಕೇಳಬಹುದು. ಆದ್ರ ಅಷ್ಟರಾಗ ಮುದುಕಿ ಇರಬೇಕಲ್ಲ." ಅವರು ಚಹಾ ತರಿಸಿ ಕೇಳಿದರು, "ಸತ್ತವ್ರ ಕಡ್ಯಾರು ಯಾರ್ರಿ?"

"ನಾನ," ಅಂದೆ.

ಅವರು ಚಹಾದ ಲೋಟ ಕೆಳಗಿಟ್ಟರು.

ಮುಂದಿನ ಭಾನುವಾರ ಊರಿಗೆ ಹೋಗಿ ಅವ್ವನಿಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಅದು ಅವನ ಹಕ್ಕಲ್ಲ ಎಂದೆ. ನೀನು ಬೇಡವೆಂದರೆ ಸದ್ಯಕ್ಕೆ ನಿಲ್ಲುತ್ತದೆ ಎಂದೆ. ಅವನ ಅರ್ಧ ಮನೆಗೆ ಮಾಳಿಗೆ ಇಲ್ಲ, ಪಂಚಾಯ್ತಿಯಲ್ಲಿ ಎರಡೂ ಬಾಗಿಲಿಗೆ ಇರುವುದು ಒಂದೇ ನಂಬರು, ಅವನು ಬಂದರೆ ಇದೇ ವಿಳಾಸಕ್ಕೆ ಬರಬೇಕು ಎಂದೂ ಹೇಳಿದೆ. ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡಲಿಲ್ಲವೆಂಬ ಸಮಾಧಾನವನ್ನು ಎಷ್ಟೋ ದಿನ ಇಟ್ಟುಕೊಂಡಿದ್ದೆ. ಈಗ ಅದೂ ಇಲ್ಲ.

ಅವ್ವ ಅಕ್ಕಿ ಆರಿಸುತ್ತಿದ್ದಳು. "ನೀ ಏನಂತಿ?" ಅಂದಳು.

"ನಾ ಏನನ್ಲಿ, ನೀ ಹೇಳಬೇಕು."

"ನಾ ಹೇಳೂದಾಗಿದ್ರ ನಿನ್ನ ಯಾಕ ಓದಸ್ತಿದ್ದೆ?"

ಒಳಗಿನಿಂದ ಅಜ್ಜಿ ಕೆಮ್ಮಿದಳು. ಕೇಳಿಸಿಕೊಳ್ಳುತ್ತಿದ್ದಾಳೆಂದು ಇಬ್ಬರಿಗೂ ಗೊತ್ತಿತ್ತು. ನಾನು ಚಿಕ್ಕವಳಿದ್ದಾಗ, ಹೈಸ್ಕೂಲಿಗೆ ಸೇರಿದ ಹೊಸದರಲ್ಲಿ, ಬಸ್ಸು ತಪ್ಪಿದ ದಿನಗಳಲ್ಲಿ ಸಣ್ಣಪ್ಪ ತನ್ನ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕಂಪ್ಲಿಯ ತನಕ ಬಿಟ್ಟು ಬರುತ್ತಿದ್ದ. ಅಪ್ಪನಿಗೆ ನನ್ನ ಓದಿನ ಮೇಲೆ ಅಂಥ ಆಸೆಯೇನೂ ಇರಲಿಲ್ಲ. ಅಪ್ಪನ ಫೋಟೋ ಎದುರಿನ ಗೋಡೆಯಲ್ಲೇ ಇತ್ತು. ಅದರ ಕೆಳಗೆ ಕೂತು ನಾನು ಸೈಕಲ್ಲನ್ನು ನೆನೆಸಿಕೊಳ್ಳುತ್ತಿದ್ದೆ.

"ಅಜ್ಜಿಗೋಸ್ಕರ ಒಂದು ತಿಂಗಳು ಬಂದು ಹೋಗ್ಲಿ," ಅಂದೆ.

"ಬರಿ ಹಂಗಾರ," ಅಂದಳು ಅವ್ವ.

ನಮ್ಮ ಆಕ್ಷೇಪಣೆ ಇಲ್ಲವೆಂದು ನಾನೇ ಬರೆದೆ. ಅಕ್ಷರ ಚೆನ್ನಾಗಿತ್ತು. ಅವ್ವನಿಗೆ ಸಹಿ ಮಾಡಲು ನಾನೇ ಕಲಿಸಿದ್ದೆ, ಬ್ಯಾಂಕಿನಲ್ಲಿ ಹೆಮ್ಮೆಯಿಂದ ಮಾಡುತ್ತಿದ್ದಳು. ಆ ದಿನ ಪೆನ್ನು ಕೊಟ್ಟರೆ ಪಕ್ಕಕ್ಕಿಟ್ಟಳು. "ಇದರ ಮ್ಯಾಲೆ ನನ್ನ ಹೆಸರು ಬ್ಯಾಡ," ಎಂದು ಹೆಬ್ಬೆಟ್ಟು ಒತ್ತಿದಳು.

ಒಂದು ತಿಂಗಳ ಪೆರೋಲ್ ಸಿಕ್ಕಿತು. ಓಣಿಯ ಇಬ್ಬರು ಜಾಮೀನು ನಿಂತರು. ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಮಾಡಬೇಕು, ಊರು ಬಿಟ್ಟು ಹೋಗುವಂತಿಲ್ಲ, ಕೊಟ್ಟ ವಿಳಾಸದಲ್ಲೇ ಇರಬೇಕು. ಅವನು ಬರುವ ದಿನ ಬೆಳಗ್ಗೆ ನಾನು ಊರಿಗೆ ಹೋದಾಗ ಅವ್ವ ಚೀಲ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

"ನಿನ್ನ ಕ್ವಾಣಿ ಕೀಲಿ ಕೊಡು. ಅಂವ ಹೋಗೂತನಕ ಅಲ್ಲೇ ಇರ್ತೀನಿ."

"ಅಜ್ಜಿ?"

"ಆಕಿನ್ನ ನೋಡ್ಕೊಳ್ಳಾಕ ಬರಾಕತ್ಯಾನಲ್ಲ ಮಗ. ನೋಡ್ಕೊಳ್ಲಿ."

ಅವಳನ್ನು ಬಸ್ಸು ಹತ್ತಿಸಿ ಒಳಗೆ ಬಂದೆ. ಮನೆಯಲ್ಲಿದ್ದ ಎಲ್ಲ ಕೊಡಗಳೂ, ಹಂಡೆಯೂ, ಬಕೆಟ್ಟೂ ಬೋರಲು ಬಿದ್ದಿದ್ದವು. ಹಿತ್ತಲ ನೆಲ ಒದ್ದೆಯಾಗಿತ್ತು. ಅಜ್ಜಿಯ ಹಾಸಿಗೆಯ ಪಕ್ಕ ಒಂದು ತಂಬಿಗೆ ಮಾತ್ರ ಇತ್ತು.

ಇದರ ಅರ್ಥ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಆದರೆ ನಾನು ಅದನ್ನು ಊರ ಹಿರಿಯರ ಹಳೇ ಮಾತು ಎಂದು ಬದಿಗಿಟ್ಟವಳು. ಅಜ್ಜಿಯ ಬಟ್ಟೆ ಬದಲಿಸಬೇಕಿತ್ತು, ಮೈ ಒರೆಸಬೇಕಿತ್ತು, ನಳದಲ್ಲಿ ನೀರು ಬರುವ ಹೊತ್ತು ಮೀರುತ್ತಿತ್ತು. ಸೆರಗು ಸಿಕ್ಕಿಸಿ ಒಂದೊಂದೇ ಕೊಡ ಎತ್ತಿ ತುಂಬಿದೆ, ಹಂಡೆ ತುಂಬಿದೆ. ಎದುರು ಮನೆಯ ಹೆಂಗಸರು ನಳದ ಹತ್ತಿರ ಪಾಳಿ ನಿಂತವರು, ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಓದಿದ ಹುಡುಗಿ ನೀರು ಹೊರುವುದನ್ನು ನೋಡುತ್ತಿದ್ದಾರೆ ಎಂದುಕೊಂಡೆ.

ಸಣ್ಣಪ್ಪ ಮಧ್ಯಾಹ್ನ ಬಂದ. ಮುದುಕನಾಗಿದ್ದ. ಹೊಸ್ತಿಲು ದಾಟದೆ ಹೊರಗೇ ನಿಂತು, "ಅತ್ತಿಗಿ ಇಲ್ಲೇನು?" ಅಂದ. ಇಲ್ಲ ಎಂದೆ. ಅಜ್ಜಿ ಒಳಗಿನಿಂದ ಅವನ ಹೆಸರು ಹಿಡಿದು ಕೂಗುತ್ತಲೇ ಇದ್ದಳು. ಬಿಸಿಲಲ್ಲಿ ಬಂದವನೆಂದು ನಾನು ಕೊಡದಿಂದ ನೀರು ಬಗ್ಗಿಸಿ ಚರಿಗೆ ಮುಂದೆ ಹಿಡಿದೆ.

"ಈ ನೀರು ಯಾರು ತುಂಬ್ಯಾರ?"

"ನಾನ."

ಅವನು ಚರಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ. ಎದುರಿನ ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತಿದ್ದರು. ಆಮೇಲೆ ಕುಡಿದ. ಕುಡಿದು ಅಲ್ಲೇ ಕುಕ್ಕರಿಸಿ, ತಲೆಯ ಮೇಲಿನ ಟವೆಲ್ ತೆಗೆದು ಅದಕ್ಕೆ ಮುಖ ಒತ್ತಿಕೊಂಡ. ದಣಿದಿದ್ದಾನೆ ಎಂದುಕೊಂಡು ನಾನು ಸಂಜೆಯ ಬಸ್ಸಿಗೆ ಹೊರಟು ಬಂದೆ.

ಅವ್ವ ನನ್ನ ಬಾಡಿಗೆ ಮನೆಯಲ್ಲಿ ಇದ್ದಳು ಅನ್ನುವುದಕ್ಕಿಂತ ಕೂತಿದ್ದಳು ಅನ್ನಬೇಕು. ನಾನು ಸಂಡೂರಿಗೆ ಹೋಗುವಾಗ ಎಲ್ಲಿ ಕೂತಿರುತ್ತಿದ್ದಳೋ ಬರುವಾಗಲೂ ಅಲ್ಲೇ. ಮಾಡಲು ಕೆಲಸವಿಲ್ಲದೆ ಬೆಳೆಯನ್ನು ಮೂರು ಸಲ ಆರಿಸುತ್ತಿದ್ದಳು. ಶಾಲೆಯಲ್ಲಿ ಆ ವಾರ ನಾನು ಮೂಲಭೂತ ಹಕ್ಕುಗಳ ಪಾಠ ಮಾಡುತ್ತಿದ್ದೆ. ದೇಶದಲ್ಲಿ ಎಲ್ಲಿ ಬೇಕಾದರೂ ವಾಸಿಸುವ ಹಕ್ಕು ಎಂದು ಬೋರ್ಡಿನ ಮೇಲೆ ಬರೆಯುವಾಗ, ಕೊಂದವನು ಕಾನೂನಿನ ಪ್ರಕಾರ ಮನೆಯಲ್ಲಿದ್ದಾನೆ, ಅವ್ವ ಯಾವ ಕಾನೂನಿನ ಪ್ರಕಾರ ಮನೆ ಬಿಟ್ಟು ಬಂದಿದ್ದಾಳೆ ಎಂಬ ಯೋಚನೆ ಬಂತು. ಅವಳನ್ನು ಯಾರೂ ಹೋಗು ಎಂದಿಲ್ಲ. ಆದೇಶದಲ್ಲಿ ಅವಳ ಮಾತೇ ಇಲ್ಲ. ಅವನು ಎಲ್ಲಿರಬೇಕು, ಎಲ್ಲಿಗೆ ಹೋಗಬಾರದು ಎಂದು ಬರೆದವರು, ಅವಳು ಎಲ್ಲಿರಬೇಕು ಎಂದು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮನಸ್ಸಿಗೆ ಬದಲಾವಣೆಯಾಗಲಿ ಎಂದು ಒಂದು ಭಾನುವಾರ ಅವಳನ್ನು ಹಂಪಿಗೆ ಕರೆದುಕೊಂಡು ಹೋದೆ. ವಿರೂಪಾಕ್ಷನಿಗೆ ಕೈ ಮುಗಿದು ಬಂದು ಬಜಾರಿನ ಕಲ್ಲಿನ ಮಂಟಪದ ನೆರಳಿನಲ್ಲಿ ಕೂತೆವು. ಟೋಪಿ ಮಾರುವವನೊಬ್ಬ ಅವ್ವನ ತಲೆಗೇ ಒಂದು ಟೋಪಿ ಹಿಡಿದು, "ಮಸ್ತ್ ಕಾಣ್ತದ ಯಮ್ಮಾ," ಅಂದ. "ನಿಮ್ಮವ್ವಗ ಹಾಕಪಾ, ಇನ್ನಾ ಮಸ್ತ್ ಕಾಣತಾಳ," ಅಂದಳು ಅವ್ವ. ಎಷ್ಟೋ ದಿನದ ಮೇಲೆ ನಕ್ಕಳು. ನನಗೂ ಹಗುರ ಅನ್ನಿಸಿತು.

"ಈ ಮಂಟಪದಾಗ ಮೊದಲ ಮಂದಿ ಇರ್ತಿದ್ರಲ್ಲ," ಅಂದಳು ಸ್ವಲ್ಪ ಹೊತ್ತಿಗೆ. "ಅಂಗಡಿ, ಮನಿ, ಒಲಿ ಎಲ್ಲಾ ಇತ್ತು. ನಿಮ್ಮಪ್ಪನ ಕೂಡ ಬಂದಾಗ ನೋಡೀನಿ."

"ಎಬ್ಬಿಸಿ ಕಳಿಸಿದ್ರಲ್ಲವ್ವಾ, ಕಾನೂನು ಪ್ರಕಾರ."

"ಹೂಂ. ಎಲ್ಲಾರ್ನೂ ಹಂಗ ಎಬ್ಬಸ್ತಾರ."

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಎದುರು ಮನೆಯ ಹೆಂಗಸು. ದೊಡ್ಡ ದನಿಯವಳು, ನನಗೂ ಕೇಳಿಸುತ್ತಿತ್ತು. "ಅಕ್ಕಾ, ಭಾಳ ಚಲೋ ಆತು ಬಿಡು. ನಿಮ್ಮ ನೀರು ಕೂಡಿತಂತಲ್ಲ. ನಿನ್ನ ಮಗಳು ತಾನ ಕೊಡ ತುಂಬಿ ಕುಡಿಯಾಕ ಕೊಟ್ಳಂತ. ಹಿರೇರೆಲ್ಲ ಖುಷಿ ಆಗ್ಯಾರ. ಓದಿದವ್ರ ಬುದ್ಧಿ ಅಂದ್ರ ಹಿಂಗಿರಬೇಕು ಅನ್ನಾಕತ್ಯಾರ."

ಅವ್ವ ಫೋನ್ ಮಡಿಲಿಗೆ ಹಾಕಿಕೊಂಡಳು. ಆ ಹೆಂಗಸು ಮಡಿಲಿನಲ್ಲಿ ಮಾತಾಡುತ್ತಲೇ ಇದ್ದಳು.

"ಖರೇನೇನು?"

"ಅಜ್ಜಿಗೆ ನೀರು ಬೇಕಾಗಿತ್ತವ್ವಾ. ಅಂವ ಬಿಸಿಲಾಗ ಬಂದಿದ್ದ."

"ಬೋರಲು ಹಾಕಿದ್ದು ನೋಡ್ಲಿಲ್ಲ ನೀನು?"

"ನೋಡಿದೆ."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಸರ್ಕಾರದವ್ರು ಕೇಳಿದ್ರು, ಹೆಬ್ಬಟ್ಟು ಕೊಟ್ಟೆ. ಅದು ಸರ್ಕಾರಕ್ಕ ಕೊಟ್ಟಿದ್ದು. ಅವಗ ನಾ ಏನೂ ಕೊಟ್ಟಿದ್ದಿಲ್ಲ," ಅಂದಳು. "ಅದೊಂದು ನನ್ನ ಕೈಯಾಗ ಇಟ್ಕೊಂಡಿದ್ದೆ. ಅದನ್ನೂ ನೀನ ಕೊಟ್ಟುಬಿಟ್ಟಿ."

ಪೆರೋಲ್ ಕೊಡುವುದು ಕಾನೂನುಬದ್ಧವೇ ಎಂದು ನಾನು ವಕೀಲರನ್ನು ಕೇಳಿದ್ದೆ, ಪುಸ್ತಕ ನೋಡಿದ್ದೆ, ಸಹೋದ್ಯೋಗಿಗಳ ಜೊತೆ ವಾದವನ್ನೂ ಮಾಡಿದ್ದೆ. ಈಗಲೂ ಕೇಳಿದರೆ ಹೌದು ಎನ್ನುತ್ತೇನೆ. ಕೊಲೆ ಮಾಡಿದವನಿಗೂ ತಾಯಿ ಇರುತ್ತಾಳೆ, ಸರ್ಕಾರ ಅವನನ್ನು ತಿಂಗಳ ಮಟ್ಟಿಗೆ ನಂಬಿ ಕಳಿಸುವುದರಲ್ಲಿ ತಪ್ಪಿಲ್ಲ. ಆದರೆ ಸರ್ಕಾರ ಅವನಿಗೆ ಕೊಟ್ಟದ್ದು ಒಂದು ತಿಂಗಳ ಬಿಡುಗಡೆ. ಕ್ಷಮೆ ಸರ್ಕಾರದ್ದಲ್ಲ, ಅದು ಅವ್ವನದು. ನಾನು ಎರಡನ್ನೂ ಒಂದೇ ಚೀಲದಲ್ಲಿ ಹಾಕಿ ಕೊಟ್ಟು ಬಂದಿದ್ದೆ.

ಮರುದಿನ ಅವ್ವ ಊರಿಗೆ ಹೊರಟಳು. "ನೀರು ಕೂಡ್ಯದ ಅಂದ ಮ್ಯಾಲೆ ನಾ ಯಾಕ ಊರು ಬಿಟ್ಟಿರ್ಲಿ?" ರಜೆ ಹಾಕಿ ನಾನೂ ಹೋದೆ. ಸಣ್ಣಪ್ಪ ಅಜ್ಜಿಯನ್ನು ಗೋಡೆಗೆ ಒರಗಿಸಿ ಗಂಜಿ ಕುಡಿಸುತ್ತಿದ್ದ. ಅಜ್ಜಿಯ ತಲೆ ಬಾಚಿದ್ದ, ಹಾಸಿಗೆ ಸ್ವಚ್ಛವಿತ್ತು. ಅವ್ವನನ್ನು ಕಂಡು ಎದ್ದ.

"ಅತ್ತಿಗಿ, ನಾ ಆ ಕಡೆ ತಾಡಪಾಲು ಕಟ್ಕೊಂಡು ಇರ್ತೀನಿ. ಅವ್ವನ್ನ ನೋಡಾಕಷ್ಟ ಈ ಕಡೆ ಬರ್ತೀನಿ."

 ಅವ್ವ ಅವನ ಪಕ್ಕದಿಂದ ದಾಟಿ ಅಡುಗೆಮನೆಗೆ ಹೋದಳು. ಅವನು ಅಂದೇ ಮಾಳಿಗೆ ಇಲ್ಲದ ತನ್ನ ಭಾಗಕ್ಕೆ ಹೋದ. ಉಳಿದ ದಿನಗಳಲ್ಲಿ ಅವರಿಬ್ಬರೂ ಒಂದು ಮಾತನ್ನೂ ಆಡಲಿಲ್ಲವೆಂದು ಆಮೇಲೆ ಅಜ್ಜಿ ಹೇಳಿದಳು.

ತಿಂಗಳು ಮುಗಿಯುತ್ತ ಬಂದಾಗ ಅಜ್ಜಿ ನನಗೆ ಫೋನ್ ಮಾಡಿಸಿದಳು. ಇನ್ನೊಂದು ತಿಂಗಳು ಕೇಳಬಹುದಂತೆ, ಕೇಳು ಅಂದಳು. ಕೇಳಬಹುದು, ಅದೂ ಕಾನೂನಿನಲ್ಲಿದೆ. ಸಣ್ಣಪ್ಪ ಅರ್ಜಿ ಹಾಕಿದ. ವಿಚಾರಿಸಲು ಕಂಪ್ಲಿಯಿಂದ ಹೆಡ್ ಕಾನ್‌ಸ್ಟೇಬಲ್ ಬಂದ ದಿನ ನಾನು ಊರಿನಲ್ಲಿದ್ದೆ. ಅವರು ಕಟ್ಟೆಯ ಮೇಲೆ ಕೂತು ನನ್ನ ಕಡೆಗೇ ತಿರುಗಿದರು.

"ಟೀಚರಮ್ಮ, ಹೋದ ಸಲ ನೀವ ಬರದುಕೊಟ್ಟಿದ್ರಿ, ಭಾಳ ಚಂದ ಬರದಿದ್ರಿ. ಹಂಗ ಇನ್ನೊಂದು ಬರದುಬಿಡ್ರಿ. ನಿಮ್ಮದು ರಾಜಿನೂ ಆಗ್ಯದಂತ, ಊರಾಗ ಹೇಳಿದ್ರು. ಜಲ್ದಿ ಮುಗೀತದ."

ನಾನು ಬಾಯಿ ತೆಗೆಯುವಷ್ಟರಲ್ಲಿ ಅವ್ವ ಹೊರಗೆ ಬಂದಳು.

"ಆಕಿನ್ನ ಕೇಳಬ್ಯಾಡ್ರಿ ಸಾಹೇಬ್ರ. ಸತ್ತಾಂವ ನನ್ನ ಗಂಡ."

"ಹೇಳು ಯಮ್ಮಾ."

"ರಾಜಿ ಆಗಿಲ್ಲ. ಹುಡುಗಿ ಮುದುಕಿಗೆ ನೀರು ತುಂಬ್ಯಾಳ, ಅಷ್ಟ. ನನಗ ಒಪ್ಪಿಗಿಲ್ಲ ಅಂತ ಬರ್ಕೊಳ್ರಿ."

ಅವರು ನನ್ನ ಮುಖ ನೋಡಿದರು. "ಹಂಗಂದ್ರ ಕಾರಣ ಬೇಕಲ್ಲಮ್ಮ. ಏನರ ಬೆದರಿಸ್ಯಾನೇನು? ಕುಡುದು ಗಲಾಟಿ ಮಾಡ್ಯಾನೇನು?"

"ಏನೂ ಮಾಡಿಲ್ಲ. ಭಾಳ ಸುಮ್ಮನ ಅದಾನ. ನನಗ ಸಾಕಾಗ್ಯದ, ಅದ ಕಾರಣ."

ಅದು ಸಾಕಾಗದ ಕಾರಣ ಎಂದು ನನಗೆ ಗೊತ್ತಿತ್ತು. ಕೋರ್ಟಿಗೆ ಹೋದರೆ ನಿಲ್ಲದ ಮಾತು. ಹೇಳಬೇಕೆನ್ನಿಸಿತು, ತಡೆದುಕೊಂಡೆ. ತಾಡಪಾಲಿನ ಕಡೆಯ ಬಾಗಿಲಲ್ಲಿ ಸಣ್ಣಪ್ಪ ನಿಂತಿದ್ದ. ಯಾವಾಗ ಬಂದು ನಿಂತಿದ್ದನೋ.

"ಅತ್ತಿಗಿ ಹೇಳಿದ್ದು ಬರ್ಕೊಳ್ರಿ," ಅಂದ. "ನಾ ನನ್ನ ಅರ್ಜಿ ವಾಪಸ್ ತಗೋತೀನಿ."

ಒಳಗೆ ಅಜ್ಜಿ ಅಳತೊಡಗಿದಳು. ಗಟ್ಟಿಯಾಗಿ ಅಲ್ಲ. ಹೆಡ್ ಕಾನ್‌ಸ್ಟೇಬಲ್ ಬರೆದುಕೊಂಡು, ಯಾರೂ ಕೊಡದ ಚಹಾಕ್ಕೆ ಸ್ವಲ್ಪ ಹೊತ್ತು ಕಾದು, ಗಾಡಿ ಹತ್ತಿದರು.

ಅವಧಿ ಮುಗಿದ ದಿನ ಸಣ್ಣಪ್ಪ ಬೆಳಗ್ಗೆಯೇ ಅಜ್ಜಿಯ ಮೈ ಒರೆಸಿ, ಬಟ್ಟೆ ಬದಲಿಸಿ ಹೊರಟ. ಬಳ್ಳಾರಿಗೆ ಹೋಗಿ ಜೈಲಿನ ಬಾಗಿಲಲ್ಲಿ ತಾನೇ ಹಾಜರಾಗಬೇಕು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ನಮ್ಮ ಬಾಗಿಲ ಮುಂದೆ ನಿಂತು, "ಬರ್ತೀನವಾ," ಅಂದ, ನನಗೆ. ನಾನು ತಲೆ ಅಲ್ಲಾಡಿಸಿದೆ.

ಅವ್ವ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ತಲೆ ಎತ್ತದೆ, "ಹೋಗು, ಬಸ್ಸಿನ ತನಕ ಬಿಟ್ಟು ಬಾ. ನಿನಗ ಸಣ್ಣಪ್ಪ ಅಲ್ಲೇನು," ಅಂದಳು.

ಅದು ಅನುಮತಿಯೋ ಚುಚ್ಚುಮಾತೋ ಇವತ್ತಿಗೂ ತಿಳಿದಿಲ್ಲ. ಹೋಗಬೇಕೆಂದು ಆಸೆಯಿತ್ತು. ಹೋದರೆ ಕಟ್ಟೆಯ ಮೇಲಿನವರು ಅದನ್ನೂ ಅವ್ವನ ಲೆಕ್ಕಕ್ಕೆ ಬರೆಯುತ್ತಾರೆ ಎಂದು ಹೊಸ್ತಿಲಲ್ಲೇ ನಿಂತೆ. ಅವನು ಓಣಿ ತಿರುಗುವಾಗ ಒಮ್ಮೆ ಹಿಂದಕ್ಕೆ ನೋಡಿದ.

ಒಳಗೆ ಹೋದರೆ ಅಜ್ಜಿ ಎಚ್ಚರವಿದ್ದಳು.

"ಹೋದ್ನೇನು?"

"ಹೂಂ ಅಜ್ಜಿ."

"ನೀ ಬಿಟ್ಟು ಬರಾಕ ಹೋಗ್ಲಿಲ್ಲ?"

"ಇಲ್ಲ."

ಅವಳು ಬಹಳ ಕಷ್ಟಪಟ್ಟು, ಸೊಂಟದ ನೋವಿಗೆ ಹಲ್ಲು ಕಚ್ಚಿ, ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ತಿರುಗಲು ಸಹಾಯ ಮಾಡಲೆಂದು ನಾನು ಕೈ ಚಾಚಿದೆ. ಬೇಡವೆಂದಳು.